ಐದನೇ ಪ್ಯಾರಾದವನು

ನಗಬೇಡಿ. ಇದು ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಸರ್ಕಾರಿ ವಕೀಲ ಅವನು. ಸರ್ಕಾರದ ಮೇಲೆ ಯಾರಾದರೂ ದಾವೆ ಹಾಕಿದರೆ ಎದ್ದು ನಿಂತು 'ಇಲ್ಲ' ಅನ್ನುವುದೇ ಅವನ ಕೆಲಸ. ಅತ್ತಿಗೆ ಊಟಕ್ಕೆ ಕರೆದರೂ ಮೊದಲು ಅವನ ಬಾಯಿಗೆ ಬರುತ್ತಿದ್ದದ್ದು 'ಇಲ್ಲ'.

ಆ ರಾತ್ರಿ ಕಚೇರಿಯಿಂದ ನಡೆದೇ ಹೊರಟಿದ್ದ. ಇಳಿಜಾರಿನ ರಸ್ತೆ... ಬೀದಿದೀಪ ಕೆಟ್ಟಿತ್ತು. ಎಡಕ್ಕೆ ಸರ್ಕಾರದ ಹಳೆಯ ಬಾವಿ, ನೆಲಕ್ಕೆ ಸಮವಾಗಿ ಬಾಯಿ ತೆರೆದುಕೊಂಡಿತ್ತು. ಅಲ್ಲಿಗೆ ಬಂದರೆ ಅವನ ಕಾಲು ತಾನಾಗಿ ಬಲಕ್ಕೆ ಸರಿಯುತ್ತಿತ್ತು. ವರ್ಷಗಳ ರೂಢಿ.

ಅದೇ ಬಾವಿಯ ದಾವೆ ಅವನ ಕೈಚೀಲದಲ್ಲಿತ್ತು. ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳು ಹಾಕಿದ್ದು. ಅವಳ ಗಂಡ ಕತ್ತಲಲ್ಲಿ ಅದರೊಳಗೆ ಬಿದ್ದು ಸತ್ತಿದ್ದ. ಅವಳು ದುಡ್ಡು ಕೇಳಿರಲಿಲ್ಲ. ಸುತ್ತ ಒಂದು ಗೋಡೆ ಕಟ್ಟಿಸಿ, ಇನ್ನೊಬ್ಬರು ಬೀಳಬಾರದು ಅಂದಿದ್ದಳು, ಅಷ್ಟೇ. ನಮ್ಮಣ್ಣ ಯಾವುದೋ ಹಳೆಯ ಕೇಸಿನ ಉತ್ತರ ತೆಗೆದು, ಸಂಖ್ಯೆ ಬದಲಿಸಿ, ಓದದೆ ಸಹಿ ಹಾಕಿದ್ದ. ಅವಳ ದಾವೆಯ ಪ್ರತಿ ಪ್ಯಾರಾಗೂ ಒಂದೇ ಮಾತು: ಸುಳ್ಳು, ನಿರಾಕರಿಸಲಾಗಿದೆ. ನಾಲ್ಕನೇ ಪ್ಯಾರಾದ ಬಾವಿ ಸುಳ್ಳು. ಐದನೇ ಪ್ಯಾರಾದ ಗಂಡನೂ ಸುಳ್ಳು.

ಚರ... ಚರ... ಚಪ್ಪಲಿಯ ಸದ್ದು. ಅವನದೇ. ನಿಂತ, ಸದ್ದೂ ನಿಂತಿತು. ಆಗ ಬಾವಿಯೊಳಗಿಂದ... ಬುಳಕ್. ಆಮೇಲೆ ಕೆಮ್ಮು. ನೆಗಡಿಯ ಕೆಮ್ಮಲ್ಲ, ನೀರು ನೆತ್ತಿಗೆ ಹತ್ತಿದವರ ಕೆಮ್ಮು.

"ವಕೀಲ್ರೇ..."

"ಯಾರು?"

"ಐದನೇ ಪ್ಯಾರಾದವನು."

ಹೆದರಿಕೆ ಆಗಬೇಕಿತ್ತು. ಆಗಲಿಲ್ಲ. ಮರಗಟ್ಟಿದ ಕೈಯನ್ನು ಚಿವುಟಿದ ಹಾಗೆ, ಏನೋ ಆಗುತ್ತಿದೆ ಅಂತ ಗೊತ್ತು, ನೋವಿಲ್ಲ. ಎಷ್ಟೋ ವರ್ಷದಿಂದ ಅವನಿಗೆ ಎಲ್ಲವೂ ಹೀಗೇ.

"ನಾನು ಇಲ್ಲವೇ ಇಲ್ಲ ಅಂತ ಬರ್ದಿದ್ದೀರಂತೆ... ಹೌದಾ?"

"ಹೌದು."

"ಬಾವೀನೂ ಇಲ್ವಾ?"

"...ಇಲ್ಲ."

"ಹಾಗಾದ್ರೆ ಸುತ್ತು ಯಾಕೆ? ಈ ಕಡೆಯಿಂದಾನೇ ಬನ್ನಿ... ನೆಟ್ಟಗೆ."

ಕಾಲು ಎಡಕ್ಕೆ ಹೊರಳಿತು. ಒಂದು ಹೆಜ್ಜೆ. ಇನ್ನೊಂದು. ಬೆರಳ ತುದಿಗೆ ನೆಲ ಸಿಗಲಿಲ್ಲ. ಒಂದು ಕಲ್ಲು ಜಾರಿತು... ಎಷ್ಟೋ ಹೊತ್ತಿನ ಮೇಲೆ ಕೆಳಗೆಲ್ಲೋ ಬುಳಕ್ ಅಂತು. ಆಗ ಅವನ ಬಾಯಿಂದ ಬಂದದ್ದು ದೇವರ ಹೆಸರಲ್ಲ. ದಿನಾ ಕೋರ್ಟಿನಲ್ಲಿ ಹೇಳುವ ಮಾತೇ ಬಂತು.

"ಸ್ವಲ್ಪ ಕಾಲಾವಕಾಶ ಕೊಡಿ."

ಬಾವಿಯೊಳಗಿಂದ ಮೆಲ್ಲಗೆ, "ಮುಂದಿನ ತಾರೀಖಿನವರೆಗೆ."

ಇದನ್ನು ಅವನು ಆಗ ಯಾರಿಗೂ ಹೇಳಲಿಲ್ಲ, ಅತ್ತಿಗೆಗೂ. ಮನೆಗೆ ಬಂದು ಉಂಡು ಮಲಗಿದ. ಚೆನ್ನಾಗಿ ನಿದ್ದೆಯೂ ಬಂತಂತೆ.

ತಾರೀಖು ಬಂತು. ಕೋರ್ಟಿನ ಮೊಗಸಾಲೆಯಲ್ಲಿ ಆ ಹೆಂಗಸು ಹತ್ತಿರ ಬಂದು ಪಿಸುಗುಟ್ಟಿದಳು. "ಸರ್... ನಮ್ಮನೆಯವ್ರು ಕೊಟ್ಟ ಟೈಮ್ ಇವತ್ತಿಗೆ ಮುಗೀತಂತೆ."

ಒಳಗೆ ನ್ಯಾಯಾಧೀಶರು ಕೇಳಿದರು, "ಸರ್ಕಾರದ ಪರ ಏನು ಹೇಳ್ತೀರಿ?"

"ಬಾವಿ ಇದೆ, ಸ್ವಾಮಿ."

"ಇಲ್ಲ ಅಂತ ನೀವೇ ಬರೆದಿದ್ದೀರಲ್ರೀ?"

"ಇದೆ. ದಿನಾ ಸುತ್ತು ಹಾಕ್ಕೊಂಡು ಹೋಗ್ತೀನಿ."

ಆ ರಾತ್ರಿಯ ಹೆದರಿಕೆ ಕೂತ ಮೇಲೆ ಬಂತು, ಅಷ್ಟು ತಡವಾಗಿ. ಮೇಲಧಿಕಾರಿ ಉಗಿದು ಉಪ್ಪಿನಕಾಯಿ ಹಾಕಿದರು. ಏನಾದರೇನು, ಗೋಡೆ ಎದ್ದಿತು. ಎದೆಮಟ್ಟದ ಗೋಡೆ, ಮೇಲೆ ಕಬ್ಬಿಣದ ಜಾಲರಿ.

ಮೊನ್ನೆ ನಾನೂ ಅವನ ಜೊತೆ ಆ ದಾರಿಯಲ್ಲಿ ಬಂದೆ. ಗೋಡೆಯ ಹತ್ತಿರ ನಿಂತು ಅವನು "ಇದ್ದೀರಿ" ಅಂದ. ಅಷ್ಟೇ. ದಿನಾ ಹೇಳುತ್ತಾನಂತೆ. ನನಗೆ ನಗು ಬಂತು... ಒಳಗಿಂದ ಕೆಮ್ಮು ಬಂತು. ನೀರು ನೆತ್ತಿಗೆ ಹತ್ತಿದವರ ಕೆಮ್ಮು.

ಜಾಲರಿಯೊಳಕ್ಕೆ ಟಾರ್ಚ್ ಬಿಟ್ಟು ನೋಡಿದೆ. ನನ್ನ ಕಣ್ಣಾಣೆ. ಬಾವಿ ತಳದವರೆಗೂ ಬತ್ತಿತ್ತು.