ಸಾಕು ಅನ್ನೋರು ಯಾರು

ನಾನು ಹೇಳುವುದರಲ್ಲಿ ನಂಬುವಂಥದ್ದು ವರ್ಷಕ್ಕೊಂದು ಇರುತ್ತದೆ. ಈ ವರ್ಷದ್ದು ಇದೇ, ಆಣೆಗೂ ನಿಜ. ಮಸ್ಕಿ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ನಮ್ಮೂರು ತುರ್ವಿಹಾಳದ ವಾರಗಿತ್ತಿಯರು ಕೂತಿದ್ದರು. ಹಿರಿಯಳು ಗದ್ದೆಮ್ಮ, ಕಿರಿಯಳು ಶೇಖಮ್ಮ.

"ನಾ ಉಳಿಯಂಗಿಲ್ಲ ಅಂತ ಡಾಕ್ಟರು ಹೇಳಿದ ಮ್ಯಾಲೆ ಪೈಪ್ ಹಾಕಿ ಇಡಬ್ಯಾಡ್ರಿ ಅಂತ ಮೊದಲ ಬರೆದಿಡಬೋದಂತ, ಶೇಖಿ. ನಿಮ್ಮ ಭಾವನ್ನ ಹಂಗ ಇಟ್ಟಿದ್ದು ನೋಡೀಯಲ್ಲ."

"ನೋಡೀನಿ ಬೇ. ಪಾಪ, ನೀರು ಕೇಳಾಕೂ ಬಾಯಿ ಬರಲಿಲ್ಲ."

"ಸಾಕು, ತೆಗೀರಿ ಅನ್ನಾಕ ಒಬ್ರ ಹೆಸರು ಕೊಡಬೇಕಂತ. ನಿನ್ನದು ಬರಸ್ತೀನಿ."

"ನನ್ನದ್ಯಾಕ? ನಿನ್ನ ಮಗ ವಿರೇಶ ಇಲ್ಲೇನು?"

"ಅವಾ ಕುರಿಮರಿ ಸತ್ರೂ ಉಣ್ಣದ ಮಲಗತಾನ. ನೀ ಆದ್ರ ಮನಿಗೆ ಬಂದ ದಿನದಿಂದ ನನಗ ಸಾಯಿ, ಸಾಯಿ ಅಂತ ಬೈಯಾಕತ್ತಿ."

"ಬೈಯೋದು ಬ್ಯಾರೆ ಯಕ್ಕಾ. ಆ ಮಾತು ನನಗೂ ಬರಂಗಿಲ್ಲ."

"ಹಂಗಾರ ನಾನೂ ಅವರಂಗ ಬಿದ್ದಿರ್ಲೇನು?"

ಶೇಖಮ್ಮ ಸೆರಗಿನ ತುದಿ ಬೆರಳಿಗೆ ಸುತ್ತಿದಳು.

"ಹೇಳ್ತೀನಿ ಬಿಡು. ಆದ್ರ ಆಮ್ಯಾಲೆ ನಾ ಯಾರ್ನ ಬೈಲಿ?"

"ವಿರೇಶನ್ನ ಬೈ. ಈಗ ಸಿಂಧನೂರಾಗ ಬರಸಾಕ ಇಬ್ರು ಸಾಕ್ಷಿ ಬೇಕಲ್ಲ. ಈ ಯಮನೂರ ಪಕ್ಕದಾಗ ಕಿವಿ ಕೊಟ್ಟು ಕುಂತಾನ, ಇವನ್ನ ಕರಿಯೂನು?"

"ಇವನ್ನೇನು? ಇವನ ಸಾಕ್ಷಿ ನೋಡಿದ್ರ ಡಾಕ್ಟರು ನಿನಗ ಎರಡು ಪೈಪ್ ಹಾಕ್ತಾರ!"

ಸಿಂಧನೂರಿನ ಬಸ್ಸು ಬಂತು. ಇಬ್ಬರೂ ನಗುತ್ತ ಹತ್ತಿದರು.

ಶೇಖಮ್ಮ ಹೇಳಿದ್ದೂ ಸರಿಯೇ. ನನ್ನ ಸಾಕ್ಷಿಗೇ ಇನ್ನೊಂದು ಸಾಕ್ಷಿ ಬೇಕು. ನೀವಂತೂ ಎಲ್ಲ ಕೇಳಿಸಿಕೊಂಡಿರಿ. ಆಧಾರ್ ಕಾರ್ಡ್ ಜೇಬಿನಲ್ಲೇ ಇದೆಯಲ್ಲ? ನಡೀರಿ, ಮುಂದಿನ ಬಸ್ಸಿಗೆ ಹೋಗೋಣ.