ಒಲೆಯ ಹಿಂದಿನ ಬೆಕ್ಕು

ಗೂಡಲೂರಿನಲ್ಲಿ ಊಟಿಯ ಬಸ್ಸಿಗೆ ಕಾಯುತ್ತಿದ್ದ ಲಿಂಗಾಜಮ್ಮನ ಪಕ್ಕದಲ್ಲಿ ಇಬ್ಬರು ಹೆಂಗಸರು ಮಾತಿಗೆ ಕೂತಿದ್ದರು. ಅವರ ಹಿಂದೆ ಗಂಟು ಹಿಡಿದ ಹುಡುಗಿಯೊಬ್ಬಳು ತಲೆ ತಗ್ಗಿಸಿ ನಿಂತಿದ್ದಳು.

“ದಿಕ್ಕಿಲ್ಲದ ಬೆಕ್ಕುಗಳನ್ನ ಸಾಕ್ತಾಳಲ್ಲ ದೊರೆಸಾನಿ, ಅವಳ ಹತ್ರದಿಂದ ಒಂದನ್ನ ತಂದ್ಯಂತಲ್ಲಕ್ಕ. ಹೊಂದ್ಕೊಂತಾ?”

“ಎಲ್ಲಿ ಹೊಂದ್ಕೊಳ್ತದೆ. ಬಂದ ದಾರಿ ಕಾಣಬಾರದು ಅಂತ ಚೀಲದಲ್ಲಿ ಕಟ್ಟಿ ತಂದೆ. ಒಲೆ ಹಿಂದೆ ಸೇರಿದ್ದು ಈಚೆಗೇ ಬಂದಿಲ್ಲ. ನಾವು ನೋಡ್ತಿದ್ರೆ ಹಾಲೂ ಮುಟ್ಟಲ್ಲ.”

“ಪರಚ್ತದಾ?”

“ನೋಡು ನನ್ನ ಕೈ. ಯಾರ ಮನೇಲಿ ಏನು ಪೆಟ್ಟು ತಿಂದಿತ್ತೋ, ಪಾಪ. ನಾವೇ ಅದರ ಗುಣ ಅರೀಬೇಕು. ವರ್ಷ ಆದ್ರೂ ಸರಿ, ಕಾಯ್ತೀನಿ.”

“ದೊಡ್ಡ ತಾಳ್ಮೆ ನಿಂದು. ಸೊಸೆ ಹಬ್ಬಕ್ಕೆ ತವರಿಗೆ ಹೊರಟಳಾ?”

“ಹಬ್ಬಕ್ಕಲ್ಲ, ಪೂರ್ತಿಯಾಗೇ ಕಳಿಸ್ತಿದೀನಿ. ಬಂದು ತಿಂಗಳಾಯ್ತು. ಮೂಲೆ ಬಿಟ್ಟು ಏಳಲ್ಲ, ನಮ್ಮೆದುರು ತುತ್ತು ಎತ್ತಲ್ಲ. ಇಂಥವಳನ್ನ ಕಟ್ಕೊಂಡು ಯಾರು ಏಗ್ತಾರೆ?”

ಗುಂಡ್ಲುಪೇಟೆಯ ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಹುಡುಗಿ ತಿರುಗಿದಳು.

“ಬೆಕ್ಕು ಉಪವಾಸ ಇಲ್ಲ ಅತ್ತೆ. ನೀವೆಲ್ಲ ಮಲಗಿದ ಮೇಲೆ ಅದೂ ನಾನೂ ಒಟ್ಟಿಗೇ ಉಣ್ತಿದ್ವಿ.”

ಬಸ್ಸು ಹೊರಟಿತು. ಅತ್ತೆ ಪರಚಿದ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು, ಜೊತೆಯವಳಿಗೂ ಕಾಯದೆ ಮನೆಯ ದಾರಿ ಹಿಡಿದಳು.