ಫೋಟೋದಲ್ಲಿಲ್ಲದ ರೆಂಬೆ

ವೇದಿಕೆಯ ನಡುವೆ ಕುಳಿತಿರುವ ಅಧ್ಯಕ್ಷರೇ, ಅವರ ಆಚೀಚೆ ಇರುವ ಅತಿಥಿಗಳೇ, ಹಕ್ಕಿಗಾಗಿ ನಸುಕಿಗೇ ಏಳುವ, ಸಭೆಗೆ ಮಾತ್ರ ಮುಕ್ಕಾಲು ಗಂಟೆ ತಡವಾಗಿ ಬರುವ ನಮ್ಮ ಸಂಘದ ಸದಸ್ಯರೇ, ಸಭಿಕರೇ,

ಈ ವರ್ಷದ ಅತ್ಯುತ್ತಮ ಚಿತ್ರವೆಂದು ನೀವು ಆರಿಸಿದ್ದು ನನ್ನ ಹಿಂದಿನ ಪರದೆಯ ಮೇಲಿದೆ. ಅದು ಎಲೆಯೋ, ಹಕ್ಕಿಯೋ? ನಾನೂ ಮೊದಲ ದಿನ ಕಾಲು ಗಂಟೆ ನೋಡಿದರೂ ನನಗೆ ಕಂಡದ್ದು ಒಣಗಿದ ಎಲೆಯೇ. ಕಪ್ಪೆಬಾಯಿ ಹಕ್ಕಿ ಅಂದರೆ ಹಾಗೆ. ರೆಂಬೆಯ ಮೇಲೆ ಅಂಗೈಗಿಂತ ಚಿಕ್ಕ ಪಾಚಿಯ ಗೂಡು, ಒಂದೇ ಒಂದು ಮೊಟ್ಟೆ. ಹಗಲೆಲ್ಲ ಅದರ ಮೇಲೆ ಕಾವು ಕೂರುವುದು ಯಾರು ಗೊತ್ತೇ? ಗಂಡು! ಮುಂದಿನ ಸಾಲಿನ ಗಂಡಸರು ಯಾಕೆ ತಲೆ ತಗ್ಗಿಸಿದಿರಿ?

ನಾನು ಇಪ್ಪತ್ತೆಂಟು ವರ್ಷ ನೂಲಿನ ಗಿರಣಿಯಲ್ಲಿ ದುಡಿದವಳು. ಯಂತ್ರದ ಗದ್ದಲದಲ್ಲಿ ಒಂದು ಕಿವಿ ಹೋಯಿತು. ಗೇಟಿನ ಮುಂದೆ ನಿಂತು ಘೋಷಣೆ ಕೂಗಿದ ಗಂಟಲು ಇನ್ನೂ ಇದೆ. ಗಿರಣಿ ಮುಚ್ಚಿದ ಮೇಲೆ ಕ್ಯಾಮೆರಾ ಹಿಡಿದೆ. ಒಂದೇ ಕಿವಿಯವಳು ಹಕ್ಕಿ ಹುಡುಕುವುದು ಹೇಗೆ? ಅದಕ್ಕೇ ಹೇಳುತ್ತೇನೆ, ಈ ಹಕ್ಕಿಯನ್ನು ಕಂಡವಳು ನಾನಲ್ಲ. ಅಧ್ಯಕ್ಷರ ಕಾಡಿನ ವಸತಿಗೃಹದಲ್ಲಿ ಹನ್ನೊಂದು ವರ್ಷ ದಾರಿ ತೋರಿಸಿದ ಹೆಂಗಸು ಕಂಡವಳು. ಕೂಗು ಕೇಳಿಯೇ ಹಕ್ಕಿ ಗುರುತಿಸುವ ಅವಳನ್ನು ಎಲ್ಲರೂ ಕಿವಿಯಕ್ಕ ಅನ್ನುತ್ತಾರೆ. ನಿಮ್ಮ ಪ್ರಶಸ್ತಿಪತ್ರದಲ್ಲಿ ಕ್ಯಾಮೆರಾದ ಹೆಸರಿದೆ, ಲೆನ್ಸಿನ ಹೆಸರಿದೆ. ಅವಳ ಹೆಸರು ಎಲ್ಲಿದೆ?

ಕಿವಿಯಕ್ಕನ ಸೊಂಟದ ಚೀಲದಲ್ಲಿ ಯಾವಾಗಲೂ ಒಂದು ದಾರದ ಉಂಡೆ. ಗೂಡಿಗೆ ರೆಂಬೆ ಅಡ್ಡ ಬಂದರೆ ಮುರಿಯುವಂತಿಲ್ಲ. ದಾರದಿಂದ ಪಕ್ಕಕ್ಕೆ ಎಳೆದು ಕಟ್ಟಬೇಕು, ಎರಡು ನಿಮಿಷದಲ್ಲಿ ಚಿತ್ರ ತೆಗೆದು ಮತ್ತೆ ಬಿಡಬೇಕು. ಅವಳು ಮೊದಲೇ ಹೇಳಿದ್ದಳು: "ಅಮ್ಮಾ, ಅಡ್ಡ ಬಂತು ಅಂತ ಕೈ ಹಾಕ್ಬೇಡಿ. ಆ ಎಲೆಗಳೇ ಅದಕ್ಕೆ ಬಾಗಿಲು, ಛಾವಣಿ ಎಲ್ಲಾ. ನನ್ನ ಕರೀರಿ, ಕಟ್ಕೊಡ್ತೀನಿ."

ಮರುದಿನ ಅವಳು ಬೇರೆ ಗುಂಪಿನ ಮುದುಕರನ್ನು ಹಳ್ಳ ದಾಟಿಸಲು ಹೋದಳು. ಹತ್ತು ನಿಮಿಷ. ಬೆಳಕು ಚೆನ್ನಾಗಿತ್ತು. ಕಣ್ಣಿಗೂ ಹಕ್ಕಿಗೂ ನಡುವೆ ಬೆರಳುದ್ದದ ಒಂದು ರೆಂಬೆ, ಐದಾರು ಎಲೆ.

ಇದನ್ನು ಹೇಳುವ ಧೈರ್ಯ ಬರುತ್ತದೋ ಇಲ್ಲವೋ ಎಂದು ಬರೆದುಕೊಂಡು ಬಂದಿರಲಿಲ್ಲ. ಧನ್ಯವಾದದ ಚೀಟಿಯೊಂದೇ ಜೇಬಿನಲ್ಲಿದೆ. ಇರಲಿ. ಬಾಯಿ ಬಿಟ್ಟಾಗಿದೆ.

ಮುರಿದವಳು ನಾನು. ಸಾವಿರ ಸಲ ಹರಿದ ನೂಲನ್ನು ಜೋಡಿಸಿದ ಈ ಕೈಯೇ ಪಟಕ್ಕನೆ ಮುರಿಯಿತು. ಮಧ್ಯಾಹ್ನದ ಬಿಸಿಲು ನೇರವಾಗಿ ಗೂಡಿಗೆ ಬಿತ್ತು. ಮೂರನೆಯ ದಿನ ಗಂಡೂ ಇಲ್ಲ, ಮೊಟ್ಟೆಯೂ ಇಲ್ಲ. ಯಾವುದು ಒಯ್ದಿತೋ ಗೊತ್ತಿಲ್ಲ. ಅದಕ್ಕೆ ದಾರಿ ಮಾಡಿಕೊಟ್ಟವರು ಯಾರೆಂದು ಗೊತ್ತು.

ಅಧ್ಯಕ್ಷರೇ, ನೀವು ವಸತಿಗೃಹದ ಅಂಗಳದಲ್ಲಿ ಎಲ್ಲರೆದುರು ಅವಳನ್ನು ಕೇಳಿದಿರಿ: "ನಿನ್ನ ಕಾವಲಲ್ಲಿ ಹಿಂಗಾಯ್ತಲ್ಲ, ನಾಚಿಕೆ ಆಗಲ್ವಾ?" ಆಗಲೇ ಕೆಲಸದಿಂದ ತೆಗೆದಿರಿ. ಅವಳು ನನ್ನತ್ತ ಒಂದು ಸಲ ನೋಡಿದಳು. ಗಿರಣಿಯ ಗೇಟಿನ ಮುಂದೆ ಜೊತೆಗಾರರಿಗಾಗಿ ಲಾಠಿ ಏಟು ತಿಂದ ನಾನು ಲೆನ್ಸ್ ಒರೆಸುತ್ತಾ ನಿಂತಿದ್ದೆ. ಥೂ! ಹೋರಾಟಗಾರ್ತಿಯಂತೆ! ತಪ್ಪು ನನ್ನದೇ ಆದಾಗ ಎಷ್ಟು ಬೇಗ ಮಾಲೀಕರ ಮಗ್ಗುಲಿಗೆ ಸರಿದುಬಿಟ್ಟೆ ನೋಡಿ.

ನನ್ನ ಮಾತು ನಂಬದಿದ್ದರೆ ಕ್ಯಾಮೆರಾದ ಕಾರ್ಡು ಇಲ್ಲಿದೆ. ಮೊದಲ ನಾಲ್ಕು ಚಿತ್ರಗಳಲ್ಲಿ ರೆಂಬೆ ಇದೆ, ಐದನೆಯದರಲ್ಲಿ ಇಲ್ಲ. ನೀವು ಪ್ರಶಸ್ತಿ ಕೊಟ್ಟದ್ದು ಐದನೆಯದಕ್ಕೆ. ಆ ಪ್ರಶಸ್ತಿ ನನಗೆ ಬೇಡ.

ನಿನ್ನೆ ಅವಳ ಮನೆಗೆ ಹೋಗಿದ್ದೆ. ಬೈಯುತ್ತಾಳೆ, ಬೈಯಲಿ ಅಂದುಕೊಂಡೇ ಹೋದೆ. ತಪ್ಪೊಪ್ಪಿಕೊಂಡೆ. ಅವಳು ಬಟ್ಟೆ ಹಿಂಡುತ್ತಿದ್ದವಳು ಕೈ ನಿಲ್ಲಿಸಿ, "ಗೊತ್ತಿತ್ತು ಬಿಡಿ, ಮುರಿದ ಜಾಗ ಹಸಿಯಾಗಿತ್ತು, ಅಲ್ಲಿದ್ದವ್ರು ನೀವೊಬ್ರೇ" ಅಂದಳು. ಆಮೇಲೆ ಕೇಳಿದಳು: "ಅದು ಬಿಡಿ ಅಮ್ಮಾ, ಗಂಡು ವಾಪಸ್ ಬಂತಾ? ಕೆಲವು ಸಲ ಅದೇ ಮರಕ್ಕೆ ಬರ್ತವೆ. ಯಾರಾದ್ರೂ ಹೋಗಿ ನೋಡಿದ್ರಾ?"

ಯಾರೂ ನೋಡಿಲ್ಲ, ಸಭಿಕರೇ. ಬಹುಮಾನ ಕೊಟ್ಟವರು ನೋಡಿಲ್ಲ, ಪಡೆದವಳೂ ನೋಡಿಲ್ಲ. ಕೆಲಸ ಕಳೆದುಕೊಂಡವಳು ಮಾತ್ರ ಕೇಳಿದಳು.

ನಾಳೆ ಬೆಳಿಗ್ಗೆ ಆರಕ್ಕೆ ಆ ಮರ ನೋಡಲು ನಾವಿಬ್ಬರೂ ನಿಮ್ಮ ವಸತಿಗೃಹದ ಗೇಟಿನ ಮುಂದೆ ಇರುತ್ತೇವೆ, ಅಧ್ಯಕ್ಷರೇ. ಅವಳು ಬರುವುದು ಅತಿಥಿಯಾಗಿ ಅಲ್ಲ, ತನ್ನ ಕೆಲಸಕ್ಕೆ. ನೀವು ಬಾಗಿಲು ತೆಗೆಯುತ್ತೀರೋ ಇಲ್ಲವೋ ಎಂಬುದನ್ನು ಈ ಸಭೆಯೂ ಬಂದು ನೋಡಲಿ. ಬರುವವರು ಕ್ಯಾಮೆರಾ ಮನೆಯಲ್ಲೇ ಬಿಟ್ಟು ಬನ್ನಿ.

ಇಷ್ಟು ಹೊತ್ತು ಎದ್ದು ಹೋಗದೆ ಕೇಳಿದ್ದಕ್ಕೆ ಕೃತಜ್ಞಳು. ಎಲ್ಲರಿಗೂ ನಮಸ್ಕಾರ.